ಶಕ್ತಿ ಸಂಗ್ರಹಣೆ: ಚಿತ್ರದುರ್ಗ ಸೀಮೆಯ ಗಾಳಿವಿದ್ಯುತ್ತು, ಬ್ಯಾಟರಿ ಮತ್ತು ಜಲಜನಕ

ಗಾಳಿ ಮತ್ತು ಬಿಸಿಲಿನಿಂದ ದೊರೆಯುವ ವಿದ್ಯುತ್ತು ಬಳಕೆದಾರರ ಅಗತ್ಯದ ಹೊತ್ತನ್ನು ನೋಡಿ ಹುಟ್ಟುವುದಿಲ್ಲವಾದ್ದರಿಂದ, ಅದು ಹೆಚ್ಚಾಗಿ ದೊರೆತಾಗ ಬೇರೊಂದು ರೂಪಕ್ಕೆ ತಿರುಗಿಸಿ ಕೂಡಿಟ್ಟು, ಕೊರತೆಯ ಹೊತ್ತಿನಲ್ಲಿ ಮತ್ತೆ ವಿದ್ಯುತ್ತಾಗಿ ಪಡೆಯುವ ಏರ್ಪಾಡಿಗೆ ಶಕ್ತಿ ಸಂಗ್ರಹಣೆ ಎಂದು ಹೆಸರು. ಇಂಥ ಏರ್ಪಾಡುಗಳಲ್ಲಿ ಇಂದು ಹೆಚ್ಚು ಚರ್ಚೆಯಲ್ಲಿರುವವು ಎರಡು: ವಿದ್ಯುತ್ತನ್ನು ರಾಸಾಯನಿಕ ರೂಪದಲ್ಲಿ ತನ್ನೊಳಗೇ ಹಿಡಿದಿಡುವ ಬ್ಯಾಟರಿ, ವಿದ್ಯುತ್ತಿನ ಬಲದಿಂದ ನೀರನ್ನು ಒಡೆದು ಪಡೆದ ಜಲಜನಕವನ್ನು, ಅಂದರೆ ಹೈಡ್ರೋಜನ್ ಅನಿಲವನ್ನು, ತೊಟ್ಟಿಯಲ್ಲಿ ತುಂಬಿಟ್ಟು ಬೇಕಾದಾಗ ಇಂಧನವಾಗಿ ಬಳಸುವ ವಿಧಾನ. ಚಿತ್ರದುರ್ಗ ಜಿಲ್ಲೆಯ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಗುಡ್ಡಸಾಲುಗಳು ಕರ್ನಾಟಕದ ಗಾಳಿವಿದ್ಯುತ್ತಿನ ಮುಖ್ಯ ನೆಲೆಗಳಲ್ಲಿ ಸೇರಿವೆ. ಈ ನೆಲದಲ್ಲಿ ಗಾಳಿ ಹೇರಳವಾಗಿದೆ, ಕಬ್ಬಿಣದ ಅದಿರಿದೆ, ನೀರು ಮಾತ್ರ ಕಡಿಮೆ. ಆದ್ದರಿಂದ ಎರಡು ವಿಧಾನಗಳ ಗುಣದೋಷಗಳನ್ನು ತೂಗಿ ನೋಡಲು ಇದಕ್ಕಿಂತ ತಕ್ಕ ಪ್ರದೇಶ ಸಿಗುವುದು ಕಷ್ಟ.

ಗಾಳಿಯ ಕಾಲಮಾನ

ಪಶ್ಚಿಮಘಟ್ಟವನ್ನು ದಾಟಿ ಬರುವ ನೈಋತ್ಯ ಮಾರುತವು ಮಳೆಯ ಬಹುಪಾಲನ್ನು ಮಲೆನಾಡಿನಲ್ಲೇ ಸುರಿಸಿ, ಈ ಮಳೆನೆರಳಿನ ಸೀಮೆಗೆ ಬರುವ ಹೊತ್ತಿಗೆ ಬರಿಯ ಗಾಳಿಯಾಗಿ ಉಳಿದಿರುತ್ತದೆ. ವಾಯವ್ಯದಿಂದ ಆಗ್ನೇಯಕ್ಕೆ ಚಾಚಿಕೊಂಡ ಗುಡ್ಡಸಾಲುಗಳು ಈ ಗಾಳಿಗೆ ಅಡ್ಡವಾಗಿ ನಿಂತಿರುವುದರಿಂದ, ಏರನ್ನು ಹತ್ತಿ ನೆತ್ತಿಯ ಮೇಲೆ ಹಾಯುವಾಗ ಅದರ ವೇಗ ಇನ್ನಷ್ಟು ಹೆಚ್ಚುತ್ತದೆ. ಚಿತ್ರದುರ್ಗ ನಗರದ ಪಕ್ಕದ ಜೋಗಿಮಟ್ಟಿಯಲ್ಲಿ ನಿಂತು ನೋಡಿದರೆ ದಿಬ್ಬದಿಂದ ದಿಬ್ಬಕ್ಕೆ ಸಾಲಾಗಿ ನಿಂತ ಗಾಳಿಯಂತ್ರಗಳು, ಊರಿನವರು ಬರಿದೇ ‘ಫ್ಯಾನು’ ಎನ್ನುವ ಈ ಮೂರು ರೆಕ್ಕೆಯ ಕಂಬಗಳು, ಕಣ್ಣು ಹಾಯುವಷ್ಟು ದೂರ ಕಾಣುತ್ತವೆ. ಗಾಳಿಯಿಂದ ದೊರೆಯುವ ಶಕ್ತಿ ಅದರ ವೇಗದ ಘನಕ್ಕೆ ಅನುಗುಣವಾದುದು, ಎಂದರೆ ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟಾಗುತ್ತದೆ. ಸೆಕೆಂಡಿಗೆ 4 ಮೀಟರ್ ವೇಗದ ಗಾಳಿಗೆ ಸೋಮಾರಿಯಾಗಿ ತಿರುಗುವ ಯಂತ್ರವು 8 ಮೀಟರ್ ವೇಗಕ್ಕೆ ಪೂರ್ತಿ ಬೇರೆಯೇ ಯಂತ್ರವಾಗಿ ದುಡಿಯುತ್ತದೆ. ಆದುದರಿಂದ ಗಾಳಿಯ ಅಲ್ಪ ಏರಿಳಿತವೂ ವಿದ್ಯುತ್ತಿನಲ್ಲಿ ದೊಡ್ಡ ಏರಿಳಿತವಾಗಿ ತೋರುತ್ತದೆ.

ಕರ್ನಾಟಕದಲ್ಲಿ ಸ್ಥಾಪಿತವಾದ ಗಾಳಿವಿದ್ಯುತ್ ಸಾಮರ್ಥ್ಯ 7,000 ಮೆಗಾವ್ಯಾಟ್ ದಾಟಿದ್ದು, 2024-25ರ ಸಾಲಿನಲ್ಲಿ ಹೊಸದಾಗಿ ಸುಮಾರು 1,331 ಮೆಗಾವ್ಯಾಟ್ ಸೇರಿಸಿಕೊಂಡ ರಾಜ್ಯವು ಆ ವರ್ಷ ದೇಶದಲ್ಲಿ ಮೊದಲ ಸ್ಥಾನದಲ್ಲಿತ್ತು. ಆದರೆ ಈ ವಿದ್ಯುತ್ತು ವರ್ಷವಿಡೀ ಸಮನಾಗಿ ಬರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಫ್ಯಾನುಗಳು ಹಗಲಿರುಳು ತಿರುಗುವಾಗ, ಮಳೆಯಾದ ಊರುಗಳಲ್ಲಿ ಪಂಪ್‌ಸೆಟ್‌ಗಳು ನಿಂತಿರುತ್ತವೆ, ಶರಾವತಿ ಮತ್ತು ಕಾಳಿ ಕಣಿವೆಯ ಜಲಾಶಯಗಳು ತುಂಬುತ್ತಿರುತ್ತವೆ, ಬೇಡಿಕೆ ತಗ್ಗಿರುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬೋರ್‌ವೆಲ್‌ಗಳ ಮೇಲೆಯೇ ತೆಂಗು, ಅಡಿಕೆ ತೋಟಗಳು ಬದುಕಬೇಕಾದ ಕಾಲದಲ್ಲಿ ಬೇಡಿಕೆ ವರ್ಷದ ತುದಿ ಮುಟ್ಟುತ್ತದೆ, ಗಾಳಿ ಆಗಲೇ ಬಿದ್ದುಹೋಗಿರುತ್ತದೆ. 2024ರ ಬೇಸಿಗೆಯಲ್ಲಿ ರಾಜ್ಯದ ಗರಿಷ್ಠ ಬೇಡಿಕೆ 17,000 ಮೆಗಾವ್ಯಾಟ್ ದಾಟಿತು. ಮಳೆ ಕೈಕೊಟ್ಟ 2023ರಲ್ಲಂತೂ ಈ ಲೆಕ್ಕವೇ ತಲೆಕೆಳಗಾಗಿ, ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ತಿಂಗಳುಗಳಲ್ಲೇ ಪಂಪ್‌ಸೆಟ್‌ಗಳ ಬೇಡಿಕೆ ಏರಿ ವಿದ್ಯುತ್ ಅಭಾವ ತಲೆದೋರಿತು.

ಹೀಗಾಗಿ ಈ ಸೀಮೆಯ ಸಂಗ್ರಹಣೆಯ ಸಮಸ್ಯೆ ಒಂದಲ್ಲ, ಎರಡು. ಮಧ್ಯರಾತ್ರಿಯ ಗಾಳಿಯನ್ನು ಮರುದಿನದ ಸಂಜೆಗೆ ಉಳಿಸುವುದು ಒಂದು. ಆಷಾಢದ ಗಾಳಿಯನ್ನು ಫಾಲ್ಗುಣ, ಚೈತ್ರಕ್ಕೆ ಉಳಿಸುವುದು ಇನ್ನೊಂದು. ಬಯಲುಸೀಮೆಯ ರೈತಾಪಿ ಬದುಕು ಧಾನ್ಯದ ವಿಷಯದಲ್ಲಿ ಈ ವ್ಯತ್ಯಾಸವನ್ನು ಹಿಂದೆಯೇ ಅರಿತಿತ್ತು: ದಿನದ ಹಿಟ್ಟಿಗೆ ಬೇಕಾದ ರಾಗಿ ಅಡುಗೆಮನೆಯ ಮಡಕೆಯಲ್ಲಿರುತ್ತಿತ್ತು, ಬರಗಾಲಕ್ಕೆಂದು ಕೂಡಿಟ್ಟ ರಾಗಿ ನೆಲದಡಿಯ ಹಗೇವಿನಲ್ಲಿರುತ್ತಿತ್ತು. ಹಗೇವು ತೆರೆಯುವುದು ಸುಲಭದ ಕೆಲಸವಲ್ಲ. ಬಾಯಿ ತೆಗೆದು, ಒಳಗಿನ ಕೆಟ್ಟಗಾಳಿ ಹೊರಹೋಗುವವರೆಗೆ ಕಾದು, ಆಮೇಲೆ ಇಳಿಯಬೇಕು. ಮಡಕೆಯ ಕೆಲಸಕ್ಕೆ ಹಗೇವು, ಹಗೇವಿನ ಕೆಲಸಕ್ಕೆ ಮಡಕೆ ಒದಗುವುದಿಲ್ಲ. ಬ್ಯಾಟರಿ ಮತ್ತು ಜಲಜನಕದ ವಾದವಿವಾದದಲ್ಲಿ ಮರೆತುಹೋಗುವುದು ಬಹುಮಟ್ಟಿಗೆ ಈ ಸರಳ ಭೇದವೇ.

ಬ್ಯಾಟರಿ

ಎರಡು ಬೇರೆ ಬೇರೆ ವಸ್ತುಗಳ ವಿದ್ಯುದ್ವಾರಗಳನ್ನು ಅಯಾನುಗಳು, ಎಂದರೆ ವಿದ್ಯುದಾವೇಶವುಳ್ಳ ಕಣಗಳು, ಸಂಚರಿಸಬಲ್ಲ ದ್ರಾವಣದಲ್ಲಿ ಇಟ್ಟಾಗ ಅವುಗಳ ನಡುವೆ ವಿದ್ಯುತ್ತು ಹರಿಯುವುದೆಂಬುದನ್ನು ಇಟಲಿಯ ಅಲೆಸ್ಸಾಂಡ್ರೋ ವೋಲ್ಟಾ 1800ರಲ್ಲಿ ತೋರಿಸಿದನು. ಖಾಲಿಯಾದ ಮೇಲೆ ಮತ್ತೆ ತುಂಬಿಸಿಕೊಳ್ಳಬಹುದಾದ ಸೀಸ-ಆಮ್ಲ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ರೂಪಿಸಿದನು. ಹೊಳಲ್ಕೆರೆಯ ಅಂಗಡಿಯಲ್ಲಾಗಲಿ ಹಿರಿಯೂರಿನ ಮನೆಯಲ್ಲಾಗಲಿ ಮೂಲೆಯಲ್ಲಿ ಕುಳಿತಿರುವ ಯುಪಿಎಸ್ ಬ್ಯಾಟರಿ ಅದರದೇ ವಂಶದ್ದು.

ಈ ಮನೆಬಳಕೆಯ ಬ್ಯಾಟರಿಯನ್ನು ಹತ್ತಿರದಿಂದ ಗಮನಿಸಿದರೆ ಇಡೀ ವಿಷಯದ ಬೀಜ ಅದರಲ್ಲೇ ಕಾಣುತ್ತದೆ. ಆರು ಕೋಣೆಗಳ ಮೇಲಿನ ಆರು ಮುಚ್ಚಳಗಳಲ್ಲಿ ಒಂದೊಂದು ತೇಲುಕಡ್ಡಿ ಇದ್ದು, ಅದು ಕೆಳಗಿಳಿದಾಗ ಡಿಸ್ಟಿಲ್ಡ್ ವಾಟರ್ ತಂದು ಹಾಕಬೇಕಾಗುತ್ತದೆ. ಆ ನೀರು ಎಲ್ಲಿ ಹೋಯಿತೆಂಬ ಪ್ರಶ್ನೆಗೆ ಆವಿಯಾಯಿತೆಂಬುದು ಅರ್ಧ ಉತ್ತರ ಮಾತ್ರ. ಬ್ಯಾಟರಿ ತುಂಬಿದ ಮೇಲೂ ಒಳಬರುವ ವಿದ್ಯುತ್ತು ನೀರನ್ನು ಜಲಜನಕ ಮತ್ತು ಆಮ್ಲಜನಕಗಳಾಗಿ ಒಡೆಯುತ್ತದೆ, ಅವು ಗುಳ್ಳೆಗಳಾಗಿ ಹೊರಬೀಳುತ್ತವೆ. ಯುಪಿಎಸ್ಸನ್ನು ಗಾಳಿಯಾಡದ ಕೋಣೆಯಲ್ಲಿ ಇಡಬಾರದು, ಅದರ ಬಳಿ ಬೆಂಕಿಕಡ್ಡಿ ಗೀರಬಾರದು ಎಂಬ ಎಚ್ಚರಿಕೆಗೆ ಕಾರಣ ಈ ಜಲಜನಕ. ಬ್ಯಾಟರಿಯಲ್ಲಿ ನಷ್ಟವೆಂದು ಎಣಿಸುವ ಈ ಕ್ರಿಯೆಯನ್ನೇ ಬೇಕೆಂದು, ದೊಡ್ಡ ಪ್ರಮಾಣದಲ್ಲಿ ನಡೆಸಿದರೆ ಅದು ಜಲಜನಕದ ಕಾರ್ಖಾನೆಯಾಗುತ್ತದೆ.

ವಿದ್ಯುತ್ ಜಾಲದ ಮಟ್ಟದಲ್ಲಿ ಇಂದು ಬಳಕೆಯಲ್ಲಿರುವುದು ಲಿಥಿಯಂ ಅಯಾನು ಬ್ಯಾಟರಿ. ತುಂಬುವಾಗ ಲಿಥಿಯಂ ಅಯಾನುಗಳು ಒಂದು ವಿದ್ಯುದ್ವಾರದಿಂದ ಹೊರಟು ಮತ್ತೊಂದರ ಪದರಗಳೊಳಗೆ ಸೇರಿಕೊಳ್ಳುತ್ತವೆ, ಬಳಸುವಾಗ ಬಂದ ದಾರಿಯಲ್ಲೇ ಮರಳುತ್ತವೆ. ಇದನ್ನು 1991ರಲ್ಲಿ ಜಪಾನಿನ ಸೋನಿ ಕಂಪನಿ ಮಾರುಕಟ್ಟೆಗೆ ತಂದಿತು. ಇದರ ಹಿಂದಿನ ಸಂಶೋಧನೆಗಾಗಿ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೊ 2019ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ತುಂಬಿದ ಪ್ರತಿ 100 ಯೂನಿಟ್‌ಗೆ ಎಷ್ಟು ಯೂನಿಟ್ ಮರಳಿ ಸಿಗುತ್ತದೆ ಎಂಬುದನ್ನು ಮರಳಿಕೆಯ ದಕ್ಷತೆ ಎಂದು ಕರೆಯಬಹುದಾದರೆ, ಲಿಥಿಯಂ ಬ್ಯಾಟರಿಗೆ ಅದು 85ರಿಂದ 95ರವರೆಗೆ ಇರುತ್ತದೆ. ಇನ್ವರ್ಟರ್ ನುಂಗುವುದು, ಬ್ಯಾಟರಿಯ ಕಂಟೇನರನ್ನು ತಂಪಾಗಿಡುವ ಯಂತ್ರ ನುಂಗುವುದು ಇವೆಲ್ಲ ಸೇರಿ, ಬೇಸಿಗೆಯ ಧಗೆಯುಳ್ಳ ಈ ಸೀಮೆಯಲ್ಲಿ 85ರ ಆಸುಪಾಸನ್ನು ಎಣಿಸುವುದು ಕ್ಷೇಮ. ಇತ್ತೀಚೆಗೆ ಜಾಲದ ಬಳಕೆಗೆ ಕೋಬಾಲ್ಟ್, ನಿಕ್ಕಲ್‌ಗಳಿಲ್ಲದ, ಕಬ್ಬಿಣ ಮತ್ತು ಫಾಸ್ಫೇಟ್ ಆಧಾರದ ಲಿಥಿಯಂ ಬ್ಯಾಟರಿಗಳೇ ಹೆಚ್ಚಾಗಿವೆ. ಇವು ಹಗುರವಲ್ಲದಿದ್ದರೂ ಬೆಂಕಿಯ ಅಪಾಯ ಕಡಿಮೆಯಾದವು, ಕೆಲವು ಸಾವಿರ ಸಲ ತುಂಬಿ ಬರಿದುಮಾಡಿದರೂ ತಾಳಿಕೊಳ್ಳುವಂಥವು.

ಬೆಲೆಯ ಇಳಿತವೇ ಬ್ಯಾಟರಿಯ ದೊಡ್ಡ ಬಲ. 2010ರಲ್ಲಿ ಒಂದು ಯೂನಿಟ್ ಹಿಡಿಯುವ ಬ್ಯಾಟರಿಗೆ ಜಾಗತಿಕ ಮಾರುಕಟ್ಟೆಯಲ್ಲಿ 1,000 ಡಾಲರಿಗೂ ಮೀರಿದ್ದ ಸರಾಸರಿ ಬೆಲೆ 2024ರಲ್ಲಿ 115 ಡಾಲರಿಗೆ ಇಳಿದಿತ್ತು. ಭಾರತದ ಟೆಂಡರುಗಳಲ್ಲಿ 2022ರಲ್ಲಿ ಮೆಗಾವ್ಯಾಟಿಗೆ ತಿಂಗಳಿಗೆ ಸುಮಾರು 10.8 ಲಕ್ಷ ರೂಪಾಯಿ ಇದ್ದ ಬ್ಯಾಟರಿ ಸಂಗ್ರಹದ ದರ ಎರಡು ಎರಡೂವರೆ ವರ್ಷಗಳಲ್ಲಿ ಸುಮಾರು 2.2 ಲಕ್ಷಕ್ಕೆ ಬಂತು. ದಕ್ಷಿಣ ಆಸ್ಟ್ರೇಲಿಯದ ಹಾರ್ನ್ಸ್‌ಡೇಲ್‌ನಲ್ಲಿ ಗಾಳಿವಿದ್ಯುತ್ ಕೇಂದ್ರದ ಪಕ್ಕದಲ್ಲೇ 2017ರಲ್ಲಿ ನಿಂತ 100 ಮೆಗಾವ್ಯಾಟಿನ ಬ್ಯಾಟರಿಯು ಇಂಥ ಕೆಲಸಕ್ಕೆ ಮೊದಲ ದೊಡ್ಡ ಉದಾಹರಣೆ; ಭಾರತದಲ್ಲಿ ಛತ್ತೀಸಗಡದ ರಾಜನಂದಗಾಂವ್‌ನ ಸೌರ ಕೇಂದ್ರದಲ್ಲಿ 40 ಮೆಗಾವ್ಯಾಟಿನಂತೆ ಮೂರು ಗಂಟೆ ಕೊಡಬಲ್ಲ ಬ್ಯಾಟರಿ 2024ರಲ್ಲಿ ಕೆಲಸ ಆರಂಭಿಸಿತು. ಲಿಥಿಯಂ ಮಾತ್ರ ಹೊರನಾಡಿನಿಂದಲೇ ಬರಬೇಕಾದ ಲೋಹವಾಗಿ ಉಳಿದಿದೆ. ಮಂಡ್ಯ ಜಿಲ್ಲೆಯ ಮರಳಗಾಲದಲ್ಲಿ 2021ರಲ್ಲಿ ಪ್ರಕಟವಾದ 1,600 ಟನ್ನಿನ ಅಂದಾಜು ಆಸೆ ಹುಟ್ಟಿಸಿದರೂ ದೇಶದ ಅಗತ್ಯದ ಮುಂದೆ ಅದು ಬಹಳ ಸಣ್ಣದು.

ಜಲಜನಕ

ಗ್ರೀಕ್ ಮೂಲದ ಹೆಸರನ್ನು ಕನ್ನಡಕ್ಕೆ ತಂದವರು ‘ಜಲಜನಕ’ ಎಂದದ್ದು ಅರ್ಥವತ್ತಾದ ಮಾತು: ಈ ಅನಿಲ ಉರಿದರೆ ಹುಟ್ಟುವುದು ಹೊಗೆಯಲ್ಲ, ನೀರು. ಅದನ್ನು ಹಿಂದುಮುಂದಾಗಿಸಿ, ನೀರಿನಿಂದ ಜಲಜನಕವನ್ನು ಬಿಡಿಸುವ ಕ್ರಿಯೆಗೆ ವಿದ್ಯುದ್ವಿಭಜನೆ ಎಂದು ಹೆಸರು. ವೋಲ್ಟಾನ ಬ್ಯಾಟರಿಯ ಸುದ್ದಿ ಇಂಗ್ಲೆಂಡಿಗೆ ಮುಟ್ಟಿದ ಅದೇ 1800ರಲ್ಲಿ ನಿಕಲ್ಸನ್ ಮತ್ತು ಕಾರ್ಲೈಲ್ ಇದನ್ನು ಮಾಡಿ ತೋರಿಸಿದರು. ಜಲಜನಕವನ್ನು ಉರಿಸದೆಯೇ ಗಾಳಿಯ ಆಮ್ಲಜನಕದೊಡನೆ ಕೂಡಿಸಿ ನೇರವಾಗಿ ವಿದ್ಯುತ್ತು ಪಡೆಯುವ ಇಂಧನಕೋಶದ ತತ್ತ್ವವನ್ನು ವಿಲಿಯಂ ಗ್ರೋವ್ 1839ರಷ್ಟು ಹಿಂದೆಯೇ ಕಂಡುಕೊಂಡಿದ್ದನು; ಚಂದ್ರನಲ್ಲಿಗೆ ಹೋದ ಅಪೊಲೊ ನೌಕೆಗಳಿಗೆ ವಿದ್ಯುತ್ತನ್ನೂ ಕುಡಿಯುವ ನೀರನ್ನೂ ಒದಗಿಸಿದ್ದು ಈ ಕೋಶಗಳೇ. ಇಂದು ಜಗತ್ತಿನಲ್ಲಿ ತಯಾರಾಗುವ ಜಲಜನಕದ ಬಹುಪಾಲು ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದ ಬರುತ್ತದೆ, ಗೊಬ್ಬರ ಮತ್ತು ತೈಲ ಸಂಸ್ಕರಣೆಗೆ ಹೋಗುತ್ತದೆ. ಗಾಳಿ, ಬಿಸಿಲಿನಂಥ ಮೂಲಗಳಿಂದ ತಯಾರಾದದ್ದನ್ನು ಹಸಿರು ಜಲಜನಕ ಎನ್ನುತ್ತಾರೆ. 2023ರ ಜನವರಿ 4ರಂದು ಕೇಂದ್ರ ಸಚಿವ ಸಂಪುಟ ಒಪ್ಪಿದ ರಾಷ್ಟ್ರೀಯ ಹಸಿರು ಜಲಜನಕ ಮಿಷನ್ 19,744 ಕೋಟಿ ರೂಪಾಯಿ ವೆಚ್ಚದಲ್ಲಿ, 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಉತ್ಪಾದನೆಯ ಗುರಿ ಇಟ್ಟುಕೊಂಡಿದೆ.

ತೂಕದ ಲೆಕ್ಕದಲ್ಲಿ ಜಲಜನಕಕ್ಕೆ ಸಾಟಿಯಿಲ್ಲ. ಒಂದು ಕಿಲೋದಲ್ಲಿ ಸುಮಾರು 33 ಯೂನಿಟ್ ಶಕ್ತಿಯಿದೆ. ಅಷ್ಟೇ ತೂಕದ ಲಿಥಿಯಂ ಬ್ಯಾಟರಿ ಹಿಡಿಯುವುದು ಕಾಲು ಯೂನಿಟ್‌ನ ಒಳಗೆ. ಗಾತ್ರದ ಲೆಕ್ಕದಲ್ಲಿ ಮಾತ್ರ ಮಾತು ತಿರುವುಮುರುವಾಗುತ್ತದೆ. ಆ ಒಂದು ಕಿಲೋ ಅನಿಲವು ವಾತಾವರಣದ ಒತ್ತಡದಲ್ಲಿ 11 ಘನ ಮೀಟರು, ಎಂದರೆ ಒಂದು ಸಣ್ಣ ಕೋಣೆಯಷ್ಟು ಜಾಗ ಬೇಡುತ್ತದೆ. ಆದ್ದರಿಂದ ಅದನ್ನು ವಾತಾವರಣದ ನೂರಾರು ಪಟ್ಟು ಒತ್ತಡದಲ್ಲಿ ಅದುಮಿ ಉಕ್ಕಿನ ತೊಟ್ಟಿಗೆ ತುಂಬಬೇಕು, ಇಲ್ಲವೇ ಸೊನ್ನೆಗಿಂತ 253 ಡಿಗ್ರಿ ಕೆಳಗೆ ತಣಿಸಿ ದ್ರವವಾಗಿಸಬೇಕು. ದ್ರವವಾಗಿಸುವುದಕ್ಕೇ ಕಿಲೋಗೆ 10 ಯೂನಿಟ್‌ಗೂ ಮಿಗಿಲಾದ ವಿದ್ಯುತ್ತು ಖರ್ಚಾಗುವುದರಿಂದ, ರಾಕೆಟ್‌ನಂಥ ವಿಶೇಷ ಬಳಕೆಗಳನ್ನು ಬಿಟ್ಟರೆ ಅದು ದುಬಾರಿಯ ದಾರಿ.

ಹತ್ತು ಸಾವಿರ ಯೂನಿಟ್‌ನ ಲೆಕ್ಕ

ಹೊಸದುರ್ಗದ ಗುಡ್ಡವೊಂದರ ಮೇಲಿನ ಗಾಳಿಯಂತ್ರಗಳಿಂದ ಶ್ರಾವಣದ ಒಂದು ರಾತ್ರಿ ಯಾರಿಗೂ ಬೇಡವಾದ 10,000 ಯೂನಿಟ್ ವಿದ್ಯುತ್ತು ಉಳಿಯಿತೆಂದು ಇಟ್ಟುಕೊಳ್ಳಬಹುದು. ಅದನ್ನು ಬ್ಯಾಟರಿಗೆ ತುಂಬಿದರೆ ಮರುದಿನ ಸಂಜೆಗೆ ಸುಮಾರು 8,500 ಯೂನಿಟ್ ಕೈಗೆ ಬರುತ್ತದೆ.

ಅದೇ ವಿದ್ಯುತ್ತಿನಿಂದ ಜಲಜನಕ ಮಾಡಹೊರಟರೆ, ನೀರನ್ನು ಒಡೆಯಲು ಕಿಲೋ ಒಂದಕ್ಕೆ ತತ್ತ್ವಶಃ 39 ಯೂನಿಟ್ ಸಾಕಾದರೂ ಇಂದಿನ ಯಂತ್ರಗಳು 50ರಿಂದ 55 ಯೂನಿಟ್ ಬಳಸುತ್ತವೆ. ಅದುಮಿ ತುಂಬಲು ಇನ್ನು ಎರಡು ಮೂರು ಯೂನಿಟ್ ಬೇಕು. ಕೊನೆಗೆ ತೊಟ್ಟಿ ಸೇರುವುದು ಸುಮಾರು 180 ಕಿಲೋ ಜಲಜನಕ. ಇಂಧನಕೋಶವು ಅದರಲ್ಲಿರುವ ಶಕ್ತಿಯ ಅರ್ಧವನ್ನಷ್ಟೇ ವಿದ್ಯುತ್ತಾಗಿಸಿ ಉಳಿದುದನ್ನು ಶಾಖವಾಗಿ ಹೊರಬಿಡುವುದರಿಂದ ಮರಳಿ ಸಿಗುವುದು 3,000 ಯೂನಿಟ್ ಮಾತ್ರ. ಅತ್ಯುತ್ತಮ ಯಂತ್ರಗಳನ್ನೇ ತಂದಿಟ್ಟರೂ 4,000ದ ಒಳಗೆ. ಐದು ಅಶ್ವಶಕ್ತಿಯ ಪಂಪ್‌ಸೆಟ್ಟೊಂದು ಏಳು ಗಂಟೆಯ ತ್ರೀಫೇಸ್ ಪಾಳಿಯಲ್ಲಿ ಸುಮಾರು 28 ಯೂನಿಟ್ ಎಳೆಯುತ್ತದೆ ಎಂದು ಹಿಡಿದರೆ, ಬ್ಯಾಟರಿಯ ದಾರಿಯಲ್ಲಿ ಬಂದ ವಿದ್ಯುತ್ತಿನಿಂದ 300 ಪಂಪ್‌ಸೆಟ್‌ಗಳು ಒಂದು ಪಾಳಿ ನಡೆಯುತ್ತವೆ, ಜಲಜನಕದ ದಾರಿಯಲ್ಲಿ ಬಂದುದರಿಂದ 100ರ ಆಸುಪಾಸು. ಉಳಿದ 200 ಪಂಪ್‌ಸೆಟ್‌ಗಳ ವಿದ್ಯುತ್ತು ದಾರಿಯಲ್ಲೇ ಶಾಖವಾಗಿ ಕರಗಿರುತ್ತದೆ. ಯಂತ್ರಗಳು ಇನ್ನೂ ಸುಧಾರಿಸಿದರೂ ಈ ಅಂತರ ಪೂರ್ತಿ ಮುಚ್ಚುವಂಥದ್ದಲ್ಲ. ವಿದ್ಯುತ್ತು ಅನಿಲವಾಗಿ, ಅನಿಲ ಮತ್ತೆ ವಿದ್ಯುತ್ತಾಗಿ ಎರಡು ಸಲ ರೂಪ ಬದಲಿಸುವುದೇ ನಷ್ಟದ ಮೂಲ.

ಇದೇ ಲೆಕ್ಕಕ್ಕೆ ನೀರಿನ ಬದಿಯೊಂದಿದೆ. ಒಂದು ಕಿಲೋ ಜಲಜನಕಕ್ಕೆ ರಸಾಯನಶಾಸ್ತ್ರದ ಪ್ರಕಾರ 9 ಲೀಟರ್ ಶುದ್ಧ ನೀರು ಬೇಕು. ಶುದ್ಧೀಕರಣದಲ್ಲಿ ಹೊರಚೆಲ್ಲುವುದನ್ನೂ ಯಂತ್ರ ತಂಪಾಗಿಸುವುದನ್ನೂ ಸೇರಿಸಿದರೆ 20ರಿಂದ 30 ಲೀಟರ್. ಹಿರಿಯೂರು, ಚಿತ್ರದುರ್ಗ ಭಾಗದ ಕೊಳವೆಬಾವಿಗಳ ಫ್ಲೋರೈಡ್ ಮತ್ತು ಲವಣ ತುಂಬಿದ ಗಡಸು ನೀರನ್ನು ಶುದ್ಧಮಾಡುವಾಗ ಹೊರಚೆಲ್ಲುವ ಪಾಲು ಹೆಚ್ಚೇ ಆಗುತ್ತದೆ. ಆ 180 ಕಿಲೋಗೆ ಬೇಕಾಗುವುದು ಹೆಚ್ಚುಕಡಿಮೆ ಟ್ರ್ಯಾಕ್ಟರಿನ ಹಿಂದೆ ಕಟ್ಟಿ ತರುವ ಒಂದು ಟ್ಯಾಂಕರ್ ನೀರು. ಮೂರು ಸಾವಿರ ಯೂನಿಟ್‌ಗೆ ಒಂದು ಟ್ಯಾಂಕರ್ ಎಂಬುದು ಕೇಳುವುದಕ್ಕೆ ದೊಡ್ಡದಲ್ಲ. ತೆಂಗಿನ ತೋಟವೊಂದು ಇದಕ್ಕಿಂತ ಬಹಳ ಹೆಚ್ಚು ಕುಡಿಯುತ್ತದೆ. ಆದರೆ ಬೇಸಿಗೆಯಲ್ಲಿ ಒಂದು ಟ್ಯಾಂಕರಿಗೆ ಕೊಡಗಳ ಸಾಲು ನಿಲ್ಲುವ ಊರುಗಳಲ್ಲಿ ಈ ಪ್ರಶ್ನೆಯನ್ನು ಯೋಜನೆಯ ಕೊನೆಯ ಪುಟದಲ್ಲಿ ಅಲ್ಲ, ಮೊದಲ ಪುಟದಲ್ಲೇ ಎತ್ತಬೇಕಾಗುತ್ತದೆ.

ಕೆರೆ ಮತ್ತು ತೂಬು

ದಕ್ಷತೆಯಲ್ಲಿ ಇಷ್ಟು ಹಿಂದೆ ಬಿದ್ದ ಜಲಜನಕದ ಮಾತು ಏಕೆ ಇನ್ನೂ ಉಳಿದಿದೆ ಎಂಬುದಕ್ಕೆ ಸಂಗ್ರಹಣೆಯ ಎರಡು ಅಳತೆಗಳನ್ನು ಬಿಡಿಸಿ ನೋಡಬೇಕು. ಒಂದು ಗಳಿಗೆಯಲ್ಲಿ ಎಷ್ಟು ಜೋರಾಗಿ ವಿದ್ಯುತ್ತು ಕೊಡಬಲ್ಲದು ಎಂಬುದನ್ನು ಮೆಗಾವ್ಯಾಟಿನಲ್ಲೂ, ಒಟ್ಟು ಎಷ್ಟು ಹಿಡಿದಿಡಬಲ್ಲದು ಎಂಬುದನ್ನು ಯೂನಿಟ್ ಅಥವಾ ಮೆಗಾವ್ಯಾಟ್-ಗಂಟೆಯಲ್ಲೂ ಹೇಳುತ್ತಾರೆ. ಕೆರೆಗೆ ಹೋಲಿಸಿದರೆ ಮೊದಲನೆಯದು ತೂಬಿನ ಅಗಲ, ಎರಡನೆಯದು ಕೆರೆಯ ಅಂಗಳ. ಬ್ಯಾಟರಿಯಲ್ಲಿ ಕೆರೆಯನ್ನು ದೊಡ್ಡದು ಮಾಡಬೇಕಾದರೆ ದುಬಾರಿ ಕೋಶಗಳನ್ನೇ ಹೆಚ್ಚಿಸುತ್ತ ಹೋಗಬೇಕು. ಜಲಜನಕದಲ್ಲಿ ನೀರು ತರುವ ಕಾಲುವೆ, ಕೆರೆ ಮತ್ತು ತೂಬು ಮೂರೂ ಬೇರೆ ಬೇರೆ: ವಿದ್ಯುದ್ವಿಭಜನೆಯ ಯಂತ್ರ ಕಾಲುವೆ, ಅನಿಲದ ತೊಟ್ಟಿ ಕೆರೆ, ಇಂಧನಕೋಶ ತೂಬು. ತೊಟ್ಟಿಯೊಂದನ್ನೇ ಹೆಚ್ಚಿಸಿದರೆ ಕೆರೆ ಹಿಗ್ಗುತ್ತದೆ.

ದಿನವೂ ತುಂಬಿ ಬರಿದಾಗುವ ಬ್ಯಾಟರಿ ವರ್ಷಕ್ಕೆ ಮುನ್ನೂರು ಸಲ ದುಡಿದು ತನ್ನ ಬೆಲೆ ತೀರಿಸುತ್ತದೆ. ಆಷಾಢದಲ್ಲಿ ತುಂಬಿ ಚೈತ್ರದವರೆಗೆ ಸುಮ್ಮನೆ ಕೂರುವ ಬ್ಯಾಟರಿ ವರ್ಷಕ್ಕೆ ಒಂದೇ ಸಲ ದುಡಿಯುತ್ತದೆ, ಆಗ ಅದರ ಒಂದೊಂದು ಯೂನಿಟ್‌ನ ಬೆಲೆಯೂ ಮುನ್ನೂರು ಪಟ್ಟಿನತ್ತ ಏರುತ್ತದೆ. ಅದು ಸೋರಿಹೋಗುವುದಿಲ್ಲ, ತಿಂಗಳಿಗೆ ಕೆಲವೇ ಶೇಕಡಾ ಇಳಿಯುತ್ತದೆ. ತೊಂದರೆ ಇರುವುದು ಸೋರಿಕೆಯಲ್ಲಿ ಅಲ್ಲ, ಕೈಕಟ್ಟಿ ಕುಳಿತ ಬಂಡವಾಳದಲ್ಲಿ. ತಿಂಗಳುಗಟ್ಟಲೆ ಕಾಯಬೇಕಾದ ಸಂಗ್ರಹಕ್ಕೆ ನಷ್ಟ ಹೆಚ್ಚಾದರೂ ಪಾತ್ರೆ ಅಗ್ಗವಾಗಿರುವ ವಿಧಾನವೇ ಮೇಲೆಂಬ ವಾದ ಹುಟ್ಟುವುದು ಇಲ್ಲಿ.

ವಾದ ಸರಿಯೆನಿಸುವುದು ಪಾತ್ರೆ ನಿಜಕ್ಕೂ ಅಗ್ಗವಾಗಿದ್ದಾಗ. ಅಮೆರಿಕದ ಟೆಕ್ಸಸ್‌ನಲ್ಲಿ, ಇಂಗ್ಲೆಂಡಿನ ಟೀಸೈಡ್‌ನಲ್ಲಿ ನೆಲದಾಳದ ಉಪ್ಪಿನ ಪದರಗಳನ್ನು ನೀರಿನಿಂದ ಕರಗಿಸಿ ಮಾಡಿದ ಗುಹೆಗಳಲ್ಲಿ ದಶಕಗಳಿಂದ ಜಲಜನಕವನ್ನು ತುಂಬಿಡಲಾಗುತ್ತಿದೆ. ಉಪ್ಪು ಅನಿಲವನ್ನು ಸೋರಗೊಡುವುದಿಲ್ಲ, ತೋಡುವ ಖರ್ಚೂ ಕಡಿಮೆ. ಚಿತ್ರದುರ್ಗದ ಅಡಿಯಲ್ಲಿರುವುದು ಉಪ್ಪಲ್ಲ. ಭೂವಿಜ್ಞಾನಿಗಳು ಚಿತ್ರದುರ್ಗ ಪದರುಶಿಲಾ ಪಟ್ಟಿ ಎಂದು ಕರೆಯುವ ಈ ನೆಲ ಭೂಮಿಯ ಅತಿ ಹಳೆಯ ಕಲ್ಲುಗಳಲ್ಲಿ ಒಂದು. ನಗರದ ಆಗ್ನೇಯಕ್ಕಿರುವ ಮರಡಿಹಳ್ಳಿಯಲ್ಲಿ ಕಡಲಡಿಯಲ್ಲಿ ಉಕ್ಕಿ ದಿಂಬಿನಾಕಾರಕ್ಕೆ ಹೆಪ್ಪುಗಟ್ಟಿದ, ಇನ್ನೂರೈವತ್ತು ಕೋಟಿ ವರ್ಷಗಳಷ್ಟು ಹಳೆಯ ಲಾವಾ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆನಿಸಿದೆ. ಇಂಥ ಕಲ್ಲಿನಲ್ಲಿ ಗುಹೆ ಕೊರೆದು ಒಳಗೆ ಉಕ್ಕಿನ ಹೊದಿಕೆ ಹಾಕಬಹುದೆಂದು ಸ್ವೀಡನ್ನಿನ ಲುಲಿಯೊದಲ್ಲಿ 100 ಘನ ಮೀಟರಿನ ಪ್ರಾಯೋಗಿಕ ಗುಹೆಯೊಂದು 2022ರಲ್ಲಿ ತೋರಿಸಿದೆಯಾದರೂ, ಅದು ಉಪ್ಪಿನ ಗುಹೆಯಷ್ಟು ಅಗ್ಗದ ಕೆಲಸವಲ್ಲ. ಉಳಿಯುವುದು ನೆಲದ ಮೇಲಿನ ಉಕ್ಕಿನ ತೊಟ್ಟಿ. ಅದರ ಬೆಲೆಯನ್ನು ಸೇರಿಸಿದಾಗ ಚೈತ್ರದವರೆಗೆ ಜಲಜನಕ ಕಾಯಿಸುವ ಲೆಕ್ಕವೂ ಈ ಸೀಮೆಯಲ್ಲಿ ಗಟ್ಟಿಯಾಗಿ ನಿಲ್ಲುವುದಿಲ್ಲ.

ಸುರಕ್ಷತೆಯ ವಿಷಯದಲ್ಲಿ ಎರಡಕ್ಕೂ ಎಚ್ಚರ ಬೇಕು. ಗಾಳಿಯಲ್ಲಿ ಶೇಕಡಾ 4ರಿಂದ 75ರವರೆಗಿನ ಯಾವ ಪ್ರಮಾಣದಲ್ಲಿ ಬೆರೆತರೂ ಜಲಜನಕ ಹೊತ್ತಿಕೊಳ್ಳಬಲ್ಲದು, ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣದು; ಹಗುರವಾದ್ದರಿಂದ ಬಯಲಿನಲ್ಲಿ ಬೇಗ ಮೇಲೇರಿ ಚದರಿಹೋಗುವುದಷ್ಟೇ ಸಮಾಧಾನ. ಲಿಥಿಯಂ ಬ್ಯಾಟರಿಗೆ ಹತ್ತಿದ ಬೆಂಕಿ ಒಂದು ಕೋಶದಿಂದ ಇನ್ನೊಂದಕ್ಕೆ ದಾಟುತ್ತ ಹೋಗುತ್ತದೆ, ಆರಿಸಿದ ಮೇಲೂ ಮತ್ತೆ ಹೊತ್ತಿಕೊಳ್ಳಬಹುದು.

ಜಲಜನಕವೇ ಬೇಕಾದ ಕೆಲಸ

ಜಲಜನಕವನ್ನು ಮತ್ತೆ ವಿದ್ಯುತ್ತಾಗಿಸುವ ಹಟ ಬಿಟ್ಟಾಗ ಅದರ ನಿಜವಾದ ಬೆಲೆ ತಿಳಿಯುತ್ತದೆ. ಕಬ್ಬಿಣದ ಅದಿರೆಂದರೆ ಆಮ್ಲಜನಕದೊಡನೆ ಕೂಡಿಕೊಂಡ ಕಬ್ಬಿಣ. ಆ ಆಮ್ಲಜನಕವನ್ನು ಕೀಳಲು ಇಂದಿನವರೆಗೆ ಬಹುಮಟ್ಟಿಗೆ ಬಳಸಿದ್ದು ಕೋಕ್, ಎಂದರೆ ಕಲ್ಲಿದ್ದಲಿನಿಂದ ತಯಾರಿಸಿದ ಇಂಧನ, ಅದರ ಹೊಗೆ ಇಂಗಾಲದ ಡೈಆಕ್ಸೈಡ್. ಅದೇ ಕೆಲಸವನ್ನು ಜಲಜನಕ ಮಾಡಿದರೆ ಹೊರಬರುವುದು ನೀರಾವಿ. ಬ್ಯಾಟರಿ ಎಷ್ಟೇ ದಕ್ಷವಾಗಿದ್ದರೂ ಅದಿರಿನಿಂದ ಆಮ್ಲಜನಕ ಕೀಳಲಾರದು. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ ತಾಲ್ಲೂಕುಗಳು ಕಬ್ಬಿಣದ ಅದಿರಿನ ಗಣಿಗಳ ನೆಲ. ಪಕ್ಕದ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ವರ್ಷಕ್ಕೆ 3,800 ಟನ್ ಹಸಿರು ಜಲಜನಕ ಒದಗಿಸುವ ಘಟಕವನ್ನು ಜೆಎಸ್‌ಡಬ್ಲ್ಯು ಸಮೂಹ ಕೈಗೊಂಡಿದೆ. ಒಂದು ಟನ್ ಕಬ್ಬಿಣಕ್ಕೆ 50ರಿಂದ 55 ಕಿಲೋ ಜಲಜನಕ, ಅದಕ್ಕೆ ಮೂರು ಸಾವಿರದಷ್ಟು ಯೂನಿಟ್ ಬೇಕಾಗುವುದರಿಂದ, ಮಳೆಗಾಲದ ಅಗ್ಗದ ಗಾಳಿವಿದ್ಯುತ್ತಿಗೆ ಇಷ್ಟು ಹಸಿದ ಗಿರಾಕಿ ಬೇರೊಬ್ಬನಿಲ್ಲ. ಇಲ್ಲಿನ ಗಾಳಿ ತಂತಿಯಲ್ಲಿ ಹರಿದು ತೋರಣಗಲ್ಲಿನಲ್ಲಿ ಜಲಜನಕವಾಗುವುದು ಸುಲಭ. ಇಲ್ಲಿಯೇ ಅನಿಲ ಮಾಡಿ ಲಾರಿಯಲ್ಲಿ ಸಾಗಿಸುವುದು ಕಷ್ಟ.

ಕಡಿಮೆ ನೀರಿನಲ್ಲಿ ಜಲಜನಕ ಪಡೆಯುವ ಇನ್ನೊಂದು ದಾರಿಯೂ ಈ ಸೀಮೆಗೆ ಹತ್ತಿರದ್ದು. ಒಣ ಜೀವರಾಶಿಯನ್ನು ಆಮ್ಲಜನಕ ಮತ್ತು ಹಬೆಯಲ್ಲಿ ಅನಿಲವಾಗಿಸಿ, ಒಂದು ಕಿಲೋದಿಂದ ನೂರು ಗ್ರಾಂ ಜಲಜನಕ ಪಡೆಯುವ ವಿಧಾನವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅಭಿವೃದ್ಧಿಪಡಿಸಿದೆ. ಇಲ್ಲಿ ಹಬೆಗೆ ಬೇಕಾದಷ್ಟು ನೀರು ಸಾಕು. ಭೀಮಸಮುದ್ರ, ಹೊಳಲ್ಕೆರೆಯ ಕಡೆ ಸುಲಿಗೆಯ ಕಾಲದಲ್ಲಿ ರಸ್ತೆಬದಿಗೆ ಸುರಿಯುವ ಅಡಿಕೆ ಸಿಪ್ಪೆ, ಹೊಸದುರ್ಗ ಮತ್ತು ಹಿರಿಯೂರಿನ ತೆಂಗಿನ ಮಟ್ಟೆ, ಚಿಪ್ಪುಗಳನ್ನು ಈ ಬಗೆಗೆ ಒಗ್ಗಿಸಿ ನೋಡುವ ಪ್ರಯೋಗ ನಡೆಯಬೇಕಾದದ್ದು.

ಮೂರನೆಯ ಪಾತ್ರೆ: ನೀರು

ಬ್ಯಾಟರಿ, ಜಲಜನಕ ಎರಡಕ್ಕೂ ಮೊದಲೇ ಕರ್ನಾಟಕದಲ್ಲಿ ದೊಡ್ಡ ಸಂಗ್ರಹವೊಂದು ಸದ್ದಿಲ್ಲದೆ ಕೆಲಸ ಮಾಡುತ್ತಿದೆ. ಗುಡ್ಡದ ಫ್ಯಾನುಗಳು ಜೋರಾಗಿ ತಿರುಗುವ ಹೊತ್ತಿನಲ್ಲಿ 1,035 ಮೆಗಾವ್ಯಾಟಿನ ಶರಾವತಿ ಕೇಂದ್ರದ ಯಂತ್ರಗಳನ್ನು ತಗ್ಗಿಸಿದರೆ, ಬಳಸದೆ ಬಿಟ್ಟ ನೀರು ಲಿಂಗನಮಕ್ಕಿಯಲ್ಲೇ ಉಳಿದು ಬೇಸಿಗೆಗೆ ಒದಗುತ್ತದೆ. ಇಲ್ಲಿ ವಿದ್ಯುತ್ತನ್ನು ತುಂಬಿಸಿ ತೆಗೆಯುವ ಪ್ರಮೇಯವೇ ಇಲ್ಲವಾದ್ದರಿಂದ ಮರಳಿಕೆಯ ನಷ್ಟವೂ ಬಹಳ ಕಡಿಮೆ. ಋತುವಿನಿಂದ ಋತುವಿಗೆ ಶಕ್ತಿ ಸಾಗಿಸುವ ಸಾಧನಗಳಲ್ಲಿ ಇದಕ್ಕಿಂತ ಅಗ್ಗವಾದುದಿಲ್ಲ. ಕೆಳಗಿನ ನೀರನ್ನು ಮೇಲಿನ ಜಲಾಶಯಕ್ಕೆ ಮರಳಿ ಎತ್ತುವ ಪಂಪ್ಡ್ ಸ್ಟೋರೇಜ್ ವಿಧಾನವು 75ರಿಂದ 80ರಷ್ಟು ಮರಳಿಸುತ್ತದೆ. ಶರಾವತಿ ಕಣಿವೆಯಲ್ಲಿ ಉದ್ದೇಶಿಸಿರುವ 2,000 ಮೆಗಾವ್ಯಾಟಿನ ಇಂಥ ಯೋಜನೆಗೆ ಅಭಯಾರಣ್ಯದ ಕಾಡು ಬಲಿಯಾಗುವುದೆಂಬ ಕಾರಣಕ್ಕೆ ಮಲೆನಾಡಿನಲ್ಲಿ ತೀವ್ರ ವಿರೋಧವಿದೆ, ಆ ವಿರೋಧ ನಿರಾಧಾರವಲ್ಲ.

ಚಿತ್ರದುರ್ಗ ಸೀಮೆಗೇ ಸೇರಿದ ಸಾಧ್ಯತೆಯೊಂದು ಭದ್ರಾ ಮೇಲ್ದಂಡೆ ಯೋಜನೆಯಲ್ಲಿದೆ. ತುಂಗೆಯಿಂದ ಭದ್ರೆಗೆ, ಭದ್ರೆಯಿಂದ ಅಜ್ಜಂಪುರದ ಸುರಂಗದ ಮೂಲಕ ವೇದಾವತಿಯ ಕಡೆಗೆ, ಮಳೆಗಾಲದ ಹೆಚ್ಚುವರಿ ನೀರನ್ನು ಭಾರಿ ಪಂಪುಗಳಿಂದ ಎತ್ತಿ ತರುವ ಯೋಜನೆ ಇದು. ಅದರ ಒಂದು ಭಾಗದ ನೀರು ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರವನ್ನು ಈಗಾಗಲೇ ಸೇರತೊಡಗಿದೆ. ನೀರೆತ್ತುವ ತಿಂಗಳುಗಳೂ ಗಾಳಿ ಬೀಸುವ ತಿಂಗಳುಗಳೂ ಒಂದೇ. ಗಾಳಿ ಹೆಚ್ಚಾದ ಗಂಟೆಗಳಲ್ಲಿ ಪಂಪುಗಳು ಪೂರ್ತಿ ನಡೆದು, ಗಾಳಿ ತಗ್ಗಿದಾಗ ತಗ್ಗುವಂತೆ ಏರ್ಪಡಿಸಿದರೆ ಆಷಾಢದ ಗಾಳಿ ಬೇಸಿಗೆಯ ನಾಲೆಯ ನೀರಾಗಿ ಹೊರಬರುತ್ತದೆ. ತೋಟಗಳು ಸಾವಿರ ಅಡಿಯ ಬೋರ್‌ವೆಲ್‌ನಿಂದ ನೀರೆಳೆಯುವುದು ಅಷ್ಟರಮಟ್ಟಿಗೆ ತಪ್ಪುತ್ತದೆ. ವಿದ್ಯುತ್ತಾಗಿ ಮರಳಿ ಬರಲಿಲ್ಲವೆಂಬ ಮಾತ್ರಕ್ಕೆ ಇದನ್ನು ಸಂಗ್ರಹವಲ್ಲ ಎನ್ನಲಾಗದು. ಏಳು ಸುತ್ತಿನ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿ ಹರಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯ ಸಂತೆಹೊಂಡಕ್ಕೆ ನೀರಿಳಿಯುವಂತೆ ಕಟ್ಟಿದವರು ಹೆಚ್ಚಾದುದು ಎಲ್ಲಿ ಹೋಗಿ ನಿಲ್ಲಬೇಕೆಂಬುದನ್ನೇ ಮೊದಲು ಯೋಚಿಸಿದ್ದರು.

ಈ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಅನುಕ್ರಮ ಸ್ಪಷ್ಟವಾಗಿದೆ. ಗುಡ್ಡಗಳ ವಿದ್ಯುತ್ತನ್ನು ಒಟ್ಟುಗೂಡಿಸುವ ಉಪಕೇಂದ್ರಗಳ ಪಕ್ಕದಲ್ಲಿ ನಾಲ್ಕಾರು ಗಂಟೆಯ ಬ್ಯಾಟರಿಗಳು ಮೊದಲು ಬರಬೇಕು. ರಾತ್ರಿಯಿಂದ ಸಂಜೆಗೆ ಶಕ್ತಿ ದಾಟಿಸಲು ಅವುಗಳಿಗೆ ಪೈಪೋಟಿಯಿಲ್ಲ. ಋತುವಿನ ಭಾರವನ್ನು ಜಲಾಶಯಗಳೂ ನೀರೆತ್ತುವ ಪಂಪುಗಳೂ ಹೊರಬೇಕು. ಜಲಜನಕವನ್ನು ಕಬ್ಬಿಣಕ್ಕೆ, ಗೊಬ್ಬರಕ್ಕೆ, ಅದು ಜಲಜನಕವಾಗಿಯೇ ಬಳಕೆಯಾಗುವ ಕೆಲಸಕ್ಕೆ ಮೀಸಲಿಡಬೇಕು. ಘಟಕ ನಿಲ್ಲುವ ಜಾಗದ ನೀರಿನ ಲೆಕ್ಕವನ್ನು ಒಳ್ಳೆಯ ಮಳೆಯ ವರ್ಷಗಳ ಮೇಲಲ್ಲ, ಕೆಟ್ಟ ವರ್ಷಗಳ ಮೇಲೆ ಹಾಕಬೇಕು. ಮಾರಿಕಣಿವೆಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ, 30 ಟಿಎಂಸಿ ಹಿಡಿಯುವ ವಾಣಿವಿಲಾಸ ಸಾಗರ ಮೊದಲ ಬಾರಿಗೆ ಕೋಡಿ ಬಿದ್ದದ್ದು 1933ರಲ್ಲಿ. ಎರಡನೆಯ ಬಾರಿ ಕೋಡಿ ಬಿದ್ದದ್ದು 2022ರಲ್ಲಿ.